ಮಗಳಿಗೆ ಐಸ್ ಹಾಕಿ ಆಟದ ಹುಚ್ಚು ಹಿಡಿದಿದೆ, ಏನು ಮಾಡಲಿ?

ಅಂಗಳದಮ್ಮ, ತೀರ್ಥಹಳ್ಳಿ ಕಡೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 13 ವರ್ಷ. ಮೂರು ವರ್ಷದಿಂದ ಚಕ್ರದ ಸ್ಕೇಟ್ಸ್ ಕಟ್ಟಿಕೊಂಡು ನಮ್ಮ ಅಡಿಕೆ ಅಂಗಳದಲ್ಲೇ ಸುತ್ತುತ್ತಾಳೆ. ಅಡಿಕೆ ಹರವಿದ ದಿನ ಅವಳಿಗೆ ರಜೆ, ಉಳಿದ ದಿನ ಅಂಗಳ ಅವಳದೇ. ಮೊನ್ನೆ ಫೋನಿನಲ್ಲಿ ಹೇಲಿ ವಿಕೆನ್‌ಹೈಸರ್ ಅನ್ನುವ ಕೆನಡಾದ ಆಟಗಾರ್ತಿಯ ವಿಡಿಯೋ ನೋಡಿದ್ದೇ ತಡ, ನಾನೂ ಐಸ್ ಹಾಕಿ ಆಡಬೇಕು ಅಂತ ಹಠ ಶುರು.

ತೆಂಗಿನ ಮಟ್ಟೆ ಕೆತ್ತಿ ಕೋಲು ಮಾಡಿಕೊಂಡಿದ್ದಾಳೆ. ಅವರಪ್ಪನ ಖಾಲಿ ಶೂ ಪಾಲಿಶ್ ಡಬ್ಬಿಗೆ ಮಣ್ಣು ತುಂಬಿ, ಸುತ್ತ ಟೇಪ್ ಸುತ್ತಿದ್ದಾಳೆ. ಅದೇ ಅವಳ ಪಕ್, ಅಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ ಬಿಲ್ಲೆ. ಮೊನ್ನೆ ಆ ಡಬ್ಬಿ ಹಾರಿ ಬಚ್ಚಲ ಹಂಡೆಗೆ ಬಡಿದ ಸದ್ದಿಗೆ ಕೊಟ್ಟಿಗೆಯಲ್ಲಿ ದನ ಹಗ್ಗ ಜಗ್ಗಿಬಿಟ್ಟಿತು.

ನಮ್ಮ ಕಡೆ ಐಸ್ ಅಂದರೆ ಜಾತ್ರೆಯ ಐಸ್ ಕ್ಯಾಂಡಿ ಅಷ್ಟೇ. ಜಾರುವುದು ಮಾತ್ರ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಅಂಗಳಕ್ಕೆ ಪಾಚಿ ಕಟ್ಟುತ್ತದೆ, ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೆ ಕಾಲಿಡುತ್ತೇವೆ. ಇವಳು ದಬ್ಬೆ ಬಿಟ್ಟು ಬೇಕಂತಲೇ ಪಾಚಿಯ ಮೇಲೆ ಹೋಗುತ್ತಾಳೆ! ಶಾಲೆಯ ಪಿಟಿ ಮೇಷ್ಟ್ರು, "ಹಾಕಿ ಬೇಕಿದ್ದರೆ ಕೊಡಗಿಗೆ ಹೋಗು" ಅಂದು ನಕ್ಕರಂತೆ. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಸುಮ್ನೆ ಆಸೆ ಹುಟ್ಟಿಸುವುದು ಬೇಡ. ಈ ಆಟದಲ್ಲಿ ಹೊಟ್ಟೆಪಾಡು ಆಗುತ್ತಾ? ಆ ವಿಕೆನ್‌ಹೈಸರ್ ಹೇಗೆ ಬದುಕಿದರು? ಗೊತ್ತಿದ್ದವರು ಹೇಳಿ.

ಮಳೆರಾಯ, ಆಗುಂಬೆ

ಕೊಡೆ ಹಿಡಿದು ಆಡುವ ಹಾಕಿ ಇದ್ದರೆ ಹೇಳಿ ಅಕ್ಕ. ಇಲ್ಲಿಂದ ಇಡೀ ತಂಡವನ್ನೇ ಕಳಿಸುತ್ತೇವೆ.

ಸೊರಬದವಳು, ಸದ್ಯ ಕೆನಡಾದ ಕ್ಯಾಲ್ಗರಿ

ಅಕ್ಕ, ನಾನು ಇಲ್ಲಿಗೆ ಬಂದು ಎಂಟು ವರ್ಷ ಆಯಿತು. ಇಲ್ಲಿ ಚಳಿಗಾಲದಲ್ಲಿ ಹಿತ್ತಲಿಗೆ ಪೈಪಿನಲ್ಲಿ ನೀರು ಬಿಡುತ್ತಾರೆ. ರಾತ್ರಿ ಕಳೆದರೆ ಗಟ್ಟಿ. ವಿಕೆನ್‌ಹೈಸರ್ ಕಲಿತದ್ದೂ ಹಾಗೇ, ಶೋನವನ್ ಅನ್ನುವ ಸಣ್ಣ ಊರಿನಲ್ಲಿ, ಅಪ್ಪ ಹಿತ್ತಲಲ್ಲಿ ಮಾಡಿಕೊಟ್ಟ ಐಸಿನ ಮೇಲೆ. ಅವರಿಗೂ ಅಂಗಳವೇ ಮೊದಲ ಮೈದಾನ ಅಂತ ನಿಮ್ಮ ಮಗಳಿಗೆ ಹೇಳಿ.

ಹುಟ್ಟಿದ್ದು 1978ರಲ್ಲಿ. 15ನೇ ವಯಸ್ಸಿಗೇ ದೇಶದ ತಂಡ ಸೇರಿದರು. ಆಗಿನ್ನೂ ಒಲಿಂಪಿಕ್ಸ್‌ನಲ್ಲಿ ಹೆಂಗಸರ ಐಸ್ ಹಾಕಿಯೇ ಇರಲಿಲ್ಲ. ಅದು ಬಂದದ್ದು 1998ರಲ್ಲಿ, ಜಪಾನಿನ ನಾಗಾನೊದಲ್ಲಿ. ಆ ಸಲ ಫೈನಲ್‌ನಲ್ಲಿ ಅಮೆರಿಕದ ಕೈಲಿ 3-1ರಿಂದ ಸೋತು ಬೆಳ್ಳಿ. ಆಮೇಲೆ 2002, 2006, 2010, 2014, ನಾಲ್ಕು ಸಲವೂ ಚಿನ್ನ. ಇದರ ನಡುವೆ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಆಡಲೂ ಹೋಗಿದ್ದರು! ದೇಶಕ್ಕಾಗಿ ಒಟ್ಟು 276 ಪಂದ್ಯ, 168 ಗೋಲು.

ಈಗ ಹೊಟ್ಟೆಪಾಡಿಗೆ ಬರೋಣ. ಇಷ್ಟೆಲ್ಲ ಗೆದ್ದರೂ ಆಗ ಹೆಂಗಸರಿಗೆ ಸಂಸಾರ ತೂಗುವಷ್ಟು ಸಂಬಳ ಕೊಡುವ ಲೀಗ್ ಇಲ್ಲಿ ಇರಲಿಲ್ಲ. 2003ರಲ್ಲಿ ಅವರು ಫಿನ್ಲೆಂಡಿನಲ್ಲಿ ಗಂಡಸರ ತಂಡದಲ್ಲಿ ಆಡಿ ಗೋಲು ಹೊಡೆದರು. ಗಂಡಸರ ವೃತ್ತಿಪರ ಪಂದ್ಯದಲ್ಲಿ ಹೆಣ್ಣೊಬ್ಬರು ಗೋಲು ಹೊಡೆದದ್ದು ಅದೇ ಮೊದಲು. 2007ರಲ್ಲಿ ಶುರುವಾದ ಕೆನಡಾದ ಹೆಂಗಸರ ಲೀಗ್ 2019ರಲ್ಲಿ ಮುಚ್ಚಿಯೇ ಹೋಯಿತು. ಹೆಂಗಸರ ಈಗಿನ ವೃತ್ತಿಪರ ಲೀಗ್ ಪಿಡಬ್ಲ್ಯೂಎಚ್ಎಲ್ 2024ರ ಜನವರಿ 1ರಂದು ಆರು ತಂಡಗಳೊಂದಿಗೆ ಶುರುವಾಯಿತು. ಮೊದಲ ವರ್ಷದ ಕನಿಷ್ಠ ಸಂಬಳ 35,000 ಡಾಲರ್. ಊರಿನ ಲೆಕ್ಕಕ್ಕೆ ಜಾಸ್ತಿ ಅನ್ನಿಸುತ್ತದೆ, ಇಲ್ಲಿ ಬಾಡಿಗೆ ಕಟ್ಟಿ ನೋಡಿ ಗೊತ್ತಾಗುತ್ತದೆ.

ಅವರು 2017ರಲ್ಲಿ ಆಟ ಬಿಟ್ಟರು. ಬಿಟ್ಟ ಮೇಲೆ ಮೆಡಿಕಲ್ ಓದಿ 2021ರಲ್ಲಿ ನಮ್ಮ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ ಡಾಕ್ಟರ್ ಆದರು. ಜೊತೆಗೆ ಟೊರೊಂಟೊ ಮೇಪಲ್ ಲೀಫ್ಸ್ ಅನ್ನುವ ಗಂಡಸರ ಐಸ್ ಹಾಕಿ ತಂಡದ ಆಡಳಿತದಲ್ಲೂ ಕೆಲಸ ಮಾಡಿದರು. ನಾವು ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸುತ್ತೇವಲ್ಲ, ಹಾಗೆ. ಓದು ಬಿಡಿಸಬೇಡಿ ಅಕ್ಕ, ಆಟವನ್ನೂ ಬಿಡಿಸಬೇಡಿ.

ನಿವೃತ್ತ ಫೌಜಿ, ಸಾಗರ

ತಂಗೀ, ಕೆನಡಾ ಯಾಕೆ, ಲಡಾಖ್ ನೋಡು. ಲೇಹ್‌ನಲ್ಲಿ ಎರಡು ಚಳಿಗಾಲ ಕಳೆದವನು ನಾನು. ರಾತ್ರಿ ಮೂಗಿನೊಳಗಿನ ಕೂದಲು ಕೂಡ ಸೆಟೆದುಕೊಳ್ಳುವ ಚಳಿ. ಅಂಥದ್ದರಲ್ಲಿ ಹುಡುಗಿಯರು ಬಕೆಟ್ ಹಿಡಿದು ಮೈದಾನಕ್ಕೆ ನೀರು ಹಾಕುತ್ತಿದ್ದರು, ಬೆಳಿಗ್ಗೆಗೆ ಐಸ್ ನಯವಾಗಲಿ ಅಂತ. ಹಿಂದೆ ಅಲ್ಲಿಯವರು ಮಿಲಿಟರಿ ಬೂಟಿನ ತಳಕ್ಕೆ ಕಬ್ಬಿಣದ ಪಟ್ಟಿ ಹೊಡೆದು ಸ್ಕೇಟ್ಸ್ ಮಾಡಿಕೊಳ್ಳುತ್ತಿದ್ದರಂತೆ. ನಿನ್ನ ಮಗಳ ಪಾಲಿಶ್ ಡಬ್ಬಿ ಓದಿ ಅದೇ ನೆನಪಾಯಿತು.

ನಮ್ಮ ದೇಶದ ತಂಡದಲ್ಲಿ ಹೆಚ್ಚಿನವರು ಆ ಹುಡುಗಿಯರೇ. 2016ರಲ್ಲಿ ಜನರಿಂದ ದುಡ್ಡು ಕೂಡಿಸಿಕೊಂಡು ತೈಪೆಗೆ ಹೋಗಿ ಮೊದಲ ಸಲ ಆಡಿದರು, ಸೋತು ಬಂದರು. ಮರುವರ್ಷ ಬ್ಯಾಂಕಾಕ್‌ನಲ್ಲಿ ಫಿಲಿಪೀನ್ಸ್ ತಂಡವನ್ನು 4-3ರಿಂದ ಸೋಲಿಸಿದರು. 2018ರಲ್ಲಿ ವಿಕೆನ್‌ಹೈಸರ್ ತಾವೇ ಲಡಾಖಿಗೆ ಬಂದು ಈ ಹುಡುಗಿಯರಿಗೆ ಹೇಳಿಕೊಟ್ಟು ಹೋದರು. 2025ರಲ್ಲಿ ಏಷ್ಯಾ ಕಪ್‌ನಲ್ಲಿ ಕಂಚು ಬಂತು. ಟಿಬೆಟ್ ಗಡಿ ಕಾಯುವ ನಮ್ಮ ಪೊಲೀಸ್ ಪಡೆ ಐಟಿಬಿಪಿಗೆ ಹೆಂಗಸರ ಐಸ್ ಹಾಕಿ ತಂಡ ಇದೆ. ತಿಂಗಳ ಸಂಬಳ ಬೇಕು ಅಂದರೆ ನಮ್ಮಲ್ಲಿ ಅಂಥ ದಾರಿಯೇ. ಆದರೆ ಅಲ್ಲಿ ಹುಟ್ಟಿನಿಂದ ಐಸಿನ ಮೇಲೆ ಬೆಳೆದವರ ಜೊತೆ ಪೈಪೋಟಿ ಮಾಡಬೇಕು, ಅದು ತಲೆಯಲ್ಲಿರಲಿ.

ಸ್ಕೇಟಿಂಗ್ ಮೇಷ್ಟ್ರು, ಶಿವಮೊಗ್ಗ

ಅಮ್ಮ, ಚಕ್ರದ ಮೇಲೆ ಕಲಿತದ್ದು ದಂಡ ಆಗುವುದಿಲ್ಲ. ಆದರೆ ಎರಡೆರಡು ಚಕ್ರದ ಜೋಡಿ ಇದ್ದರೆ ಬಿಟ್ಟು, ಒಂದೇ ಸಾಲಿನ ಇನ್‌ಲೈನ್‌ಗೆ ಬದಲಾಯಿಸಿ. ಮೈ ವಾಲಿಸುವ ರೀತಿ ಐಸಿಗೆ ಹತ್ತಿರ.

ತೊಂದರೆ ಬರುವುದು ನಿಲ್ಲುವಾಗ. ಐಸ್ ಸ್ಕೇಟಿನ ಬ್ಲೇಡ್ ತಳದಲ್ಲಿ ಚಪ್ಪಟೆ ಇರುವುದಿಲ್ಲ. ನಡುವೆ ಸಣ್ಣ ತೋಡು, ಆಚೀಚೆ ಎರಡು ಅಂಚು. ಎರಡೂ ಪಾದ ಸರಕ್ಕನೆ ಅಡ್ಡ ತಿರುಗಿಸಿದರೆ ಅಂಚು ಐಸನ್ನು ಕೆರೆದು ನಿಲ್ಲಿಸುತ್ತದೆ, ಹೆರೆಮಣೆಯಿಂದ ಕಾಯಿತುರಿ ಉದುರಿದ ಹಾಗೆ ಐಸಿನ ಪುಡಿ ಹಾರುತ್ತದೆ. ಚಕ್ರದಲ್ಲಿ ಹಾಗೆ ಮಾಡಿದರೆ ಮುಖ ಅಡಿಯಾಗಿ ಬೀಳುವುದೇ. ನನ್ನ ಮುಂದಿನ ಒಂದು ಹಲ್ಲು ಕಟ್ಟಿಸಿದ್ದು, ಕಾರಣ ಕೇಳಬೇಡಿ.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ಇಲ್ಲದೆ ಬಿಡಬೇಡಿ. ಹೆಂಗಸರ ಅಂತರರಾಷ್ಟ್ರೀಯ ಪಂದ್ಯದಲ್ಲಿ ಮುಖಕ್ಕೆ ಪೂರ್ತಿ ರಕ್ಷಣೆ ಕಡ್ಡಾಯ. ಪಕ್ 3 ಇಂಚು ಅಗಲ, 1 ಇಂಚು ದಪ್ಪದ ರಬ್ಬರ್, ಸುಮಾರು 170 ಗ್ರಾಂ. ಪುಟಿಯಬಾರದು ಅಂತ ಆಟಕ್ಕೆ ಮೊದಲು ಅದನ್ನು ಫ್ರೀಜ್ ಮಾಡುತ್ತಾರೆ. ಡಬ್ಬಿಯ ಅಳತೆ ಹೆಚ್ಚುಕಮ್ಮಿ ಸರಿಯಾಗಿದೆ, ಹುಡುಗಿ ಜಾಣೆ. ಒಂದು ಭಾನುವಾರ ಕರೆದುಕೊಂಡು ಬನ್ನಿ, ಕಾಲು ನೋಡಿ ಹೇಳುತ್ತೇನೆ.

ಅಂಗಳದಮ್ಮ, ತೀರ್ಥಹಳ್ಳಿ ಕಡೆ

ಎಲ್ಲರ ಉತ್ತರವನ್ನೂ ಅವಳಿಗೆ ಓದಿ ಹೇಳಿದೆ. ಡಾಕ್ಟರ್ ವಿಷಯ ಬಂದಾಗ ಮಾತ್ರ ಕಿವಿ ಕೇಳಿಸದ ಹಾಗೆ ಕೂತಿದ್ದಳು. ಇವತ್ತು ಬೆಳಿಗ್ಗೆ ದೋಸೆ ಹಿಟ್ಟು ತೆಗೆಯಲು ಫ್ರಿಜ್ ತೆರೆದರೆ, ಮೇಲಿನ ಫ್ರೀಜರ್‌ನಲ್ಲಿ ಐಸ್ ಟ್ರೇ ಪಕ್ಕ ಪಾಲಿಶ್ ಡಬ್ಬಿ! ಅವರಪ್ಪ ನೋಡಿ ಏನೂ ಅನ್ನಲಿಲ್ಲ, ಸ್ವಲ್ಪ ಒಳಕ್ಕೆ ತಳ್ಳಿ ಬಾಗಿಲು ಹಾಕಿದರು.

ಮೇಷ್ಟ್ರೇ, ಮೊದಲ ಬಸ್ಸಿಗೆ ಹೊರಟರೆ ಎಂಟರೊಳಗೆ ಶಿವಮೊಗ್ಗ ಮುಟ್ಟುತ್ತೇವೆ. ಈ ಭಾನುವಾರ ಬರಬಹುದಾ?