ಸಹಾಯ ಬೇಕು: ಮಳೆಗಾಲಕ್ಕೆ ಮನೆಯಲ್ಲಿಡಲು ರೋಯಿಂಗ್ ಮೆಷಿನ್

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಹತ್ತಿರ. ಜೂನ್ ಬಂತು ಅಂದ್ರೆ ಸೆಪ್ಟೆಂಬರ್ ತನಕ ವಾಕಿಂಗ್ ಕನಸಿನ ಮಾತು. ಅದಕ್ಕೇ ಮನೆಯಲ್ಲೇ ಮೆಷಿನ್ ಮೇಲೆ ರೋಯಿಂಗ್ (ದೋಣಿಯ ಹುಟ್ಟು ಎಳೆಯುವಂಥ ವ್ಯಾಯಾಮ) ಮಾಡೋಣ ಅಂತಿದ್ದೇನೆ. ಬಜೆಟ್ 25,000 ರೂಪಾಯಿ, ಅದರ ಮೇಲೆ ಆಗಲ್ಲ.

ಎಣ್ಣೆಯ ಸಿಲಿಂಡರ್‌ನಿಂದ ಎಳೆತಕ್ಕೆ ಬಿಗಿ ಕೊಡುವ ಹೈಡ್ರಾಲಿಕ್ ಮೆಷಿನ್ ಅಗ್ಗ, ಆದರೆ ತುಂಬ ಹೊತ್ತು ಎಳೆದರೆ ಸಿಲಿಂಡರ್ ಬಿಸಿಯಾಗಿ ಬಿಗಿ ಕಮ್ಮಿಯಾಗುತ್ತೆ. ಫ್ಯಾನ್ ಇರುವುದಕ್ಕೆ ಸದ್ದು ಜಾಸ್ತಿ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುತ್ತಾರೆ. ಹಾಗಾಗಿ ಅಯಸ್ಕಾಂತದಿಂದ ಬಿಗಿ ಕೊಡುವ ಮ್ಯಾಗ್ನೆಟಿಕ್ ಕಡೆ ಮನಸ್ಸು.

ದೊಡ್ಡ ಚಿಂತೆ ತುಕ್ಕು. ಹೋದ ಮಳೆಗಾಲದಲ್ಲಿ ವ್ಯಾಯಾಮದ ಸೈಕಲ್ಲಿನ ಬೋಲ್ಟುಗಳೆಲ್ಲ ಕೆಂಪಾದವು, ಸೀಟಿನ ಅಡಿ ಬೂಷ್ಟು ಹಿಡಿಯಿತು. ಸೀಟು ಜಾರುವ ಹಳಿ ಅಲ್ಯೂಮಿನಿಯಂ ಆದರೆ ತಡೆಯುತ್ತೆ ಅಲ್ವಾ? ಹಿಡಿ ಎಳೆಯೋಕೆ ಚೈನಿಗಿಂತ ಬೆಲ್ಟ್ ವಾಸಿನಾ? ನಾನು 6 ಅಡಿ ಎತ್ತರ, ಕಾಲು ಪೂರ್ತಿ ಚಾಚುವಷ್ಟು ಹಳಿ ಬೇಕು.

ಕೊಡಗಿನ ಥಂಡಿಯಲ್ಲಿ ಬಳಸಿದವರು ದಯವಿಟ್ಟು ಹೇಳಿ. ಸೆಕೆಂಡ್ ಹ್ಯಾಂಡ್ ಇದ್ದರೂ ಸರಿ, ಬಂದು ಕೂತು ನೋಡಿ ತಗೊಳ್ತೇನೆ.