ಫೋರ್‌ವೀಲ್ ಡ್ರೈವ್ ಪಿಕಪ್‌ನ ಮೈಲೇಜ್ ಇಳಿದಿದೆ: ಮೊದಲು ಎಲ್ಲಿ ಕೈ ಹಾಕಬೇಕು?

ಪ್ರಶ್ನೆ

ನನ್ನ ಬಳಿ ಡಬಲ್ ಕ್ಯಾಬ್‌ನ ಡೀಸೆಲ್ ಪಿಕಪ್ ಇದೆ. ಆರು ಗೇರಿನ ಮ್ಯಾನ್ಯುಯಲ್ ಗೇರ್‌ಬಾಕ್ಸ್, ಬೇಕೆಂದಾಗ ಮಾತ್ರ ಮುಂದಿನ ಚಕ್ರಗಳಿಗೂ ಶಕ್ತಿ ಕೊಡುವ ಪಾರ್ಟ್‌ಟೈಮ್ ಫೋರ್‌ವೀಲ್ ಡ್ರೈವ್ ವ್ಯವಸ್ಥೆ. ಮೊದಲೆಲ್ಲ ಹೆದ್ದಾರಿಯಲ್ಲಿ ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ವಾಹನ ಈಗ 10 ಕಿ.ಮೀ. ದಾಟುವುದೇ ಕಷ್ಟವಾಗಿದೆ. ಈ ನಡುವೆ 265/65 ಆರ್17 ಅಳತೆಯ ಮೂಲ ಟೈರುಗಳ ಬದಲಿಗೆ 265/70 ಆರ್17 ಅಳತೆಯ ಆಲ್‌ಟೆರೇನ್ ಟೈರುಗಳನ್ನು ಹಾಕಿಸಿದ್ದೇನೆ. ಛಾವಣಿಯ ಮೇಲೆ ಉಕ್ಕಿನ ಕ್ಯಾರಿಯರ್, ಮುಂದೆ ಉಕ್ಕಿನ ಬಂಪರ್ ಕೂಡ ಬಂದಿವೆ. ಕಚ್ಚಾ ದಾರಿಗಳಲ್ಲಿ ಓಡಾಟ ಇರುವುದರಿಂದ ಟೈರುಗಳನ್ನು ಮತ್ತೆ ಬದಲಾಯಿಸುವ ಮನಸ್ಸಿಲ್ಲ.

ನನ್ನ ಅನುಮಾನ ಇರುವುದು ಮುಂದಿನ ಆಕ್ಸಲ್ ಮೇಲೆ. 2ಎಚ್‌ನಲ್ಲಿ, ಅಂದರೆ ಹಿಂದಿನ ಚಕ್ರಗಳಿಗಷ್ಟೇ ಶಕ್ತಿ ಹೋಗುವ ಸ್ಥಿತಿಯಲ್ಲಿ, ಓಡಿಸುವಾಗಲೂ ಮುಂದಿನ ಡಿಫರೆನ್ಷಿಯಲ್ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಮತ್ತು ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಸುಮ್ಮನೆ ತಿರುಗುತ್ತಿರುತ್ತವೆ ಎಂದು ಕೇಳಿದ್ದೇನೆ. ಮುಂದಿನ ಚಕ್ರಗಳನ್ನು ಆಕ್ಸಲ್‌ನಿಂದ ಬೇರ್ಪಡಿಸುವ ಫ್ರೀವೀಲಿಂಗ್ ಹಬ್ ಹಾಕಿಸಿದರೆ ಕಳೆದುಹೋದ ಮೈಲೇಜ್ ಮರಳಿ ಸಿಗಬಹುದೇ? ಹಿಂದಿನ ಟೇಲ್‌ಗೇಟ್ ಇಳಿಸಿಕೊಂಡು ಓಡಿಸಿದರೆ ಗಾಳಿಯ ತಡೆ ತಗ್ಗುತ್ತದೆ ಎನ್ನುವುದರಲ್ಲಿ ಹುರುಳಿದೆಯೇ? ಅನುಭವ ಇರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಹಬ್ ವಿಚಾರಕ್ಕೆ ಹೋಗುವ ಮುನ್ನ ನಿಮ್ಮ 10 ಎಂಬ ಅಂಕಿಯನ್ನೇ ಸ್ವಲ್ಪ ಪರಿಶೀಲಿಸಬೇಕು, ಏಕೆಂದರೆ ನೀವು ಹೇಳಿದ ನಷ್ಟದಲ್ಲಿ ಒಂದು ಭಾಗ ನಿಜವಾದ ನಷ್ಟವೇ ಅಲ್ಲ.

265/65 ಆರ್17 ಟೈರಿನ ಒಟ್ಟು ವ್ಯಾಸ ಸುಮಾರು 776 ಮಿ.ಮೀ.; 265/70 ಆರ್17 ಟೈರಿನದು ಸುಮಾರು 803 ಮಿ.ಮೀ. ಎಂದರೆ ಹೊಸ ಟೈರು ಪ್ರತಿ ಸುತ್ತಿಗೆ ಶೇ. 3.4ರಷ್ಟು ಹೆಚ್ಚು ದೂರ ಸಾಗುತ್ತದೆ. ಆದರೆ ಓಡೋಮೀಟರ್ ಎಣಿಸುವುದು ಸುತ್ತುಗಳನ್ನು, ರಸ್ತೆಯನ್ನಲ್ಲ. ಅದು 100 ಕಿ.ಮೀ. ತೋರಿಸಿದಾಗ ನೀವು 103.4 ಕಿ.ಮೀ. ಕ್ರಮಿಸಿರುತ್ತೀರಿ. ಲೆಕ್ಕದಲ್ಲಿ 10 ಬಂದಿದ್ದರೆ ವಾಸ್ತವ ಮೈಲೇಜ್ 10.3ರ ಆಸುಪಾಸಿನಲ್ಲಿದೆ. ಇದೇ ಕಾರಣಕ್ಕೆ ಇನ್ನೊಂದು ಪರಿಣಾಮವೂ ಇದೆ. ಸ್ಪೀಡೋಮೀಟರಿನ ಮುಳ್ಳನ್ನು ಮೊದಲಿನ ಜಾಗದಲ್ಲೇ ಇಟ್ಟು ಓಡಿಸಿದರೆ ವಾಹನ ಮೊದಲಿಗಿಂತ ಶೇ. 3.4ರಷ್ಟು ವೇಗವಾಗಿ ಹೋಗುತ್ತಿರುತ್ತದೆ, ಮತ್ತು ಅದಕ್ಕೆ ತಕ್ಕಂತೆ ಗಾಳಿಯ ತಡೆ ಸುಮಾರು ಶೇ. 7ರಷ್ಟು ಏರುತ್ತದೆ. ಮೊಬೈಲಿನ ಜಿಪಿಎಸ್ ವೇಗವನ್ನು ಒಮ್ಮೆ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅಳೆಯುವ ಕ್ರಮದ ಬಗ್ಗೆಯೂ ಒಂದು ಮಾತು ಹೇಳಬೇಕು. ಡೀಸೆಲ್ ತುಂಬಿಸುವಾಗ ನೊರೆ ಬರುವುದರಿಂದ ನಳಿಕೆ ತಾನಾಗಿ ನಿಲ್ಲುವ ಹಂತ ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ. 40 ಲೀಟರ್ ತುಂಬಿಸುವಾಗ ಒಂದು ಲೀಟರ್ ಆಚೀಚೆಯಾದರೂ ಶೇ. 2.5ರ ವ್ಯತ್ಯಾಸ ಕಾಣುತ್ತದೆ, ಮತ್ತು ನಾವು ಹುಡುಕುತ್ತಿರುವ ಸುಧಾರಣೆಗಳಲ್ಲಿ ಹಲವು ಅಷ್ಟೇ ಗಾತ್ರದವು. ಆದ್ದರಿಂದ ಒಂದೇ ಬಂಕಿನಲ್ಲಿ, ಸಾಧ್ಯವಾದರೆ ಒಂದೇ ಪಂಪಿನಲ್ಲಿ, ಮೊದಲ ಬಾರಿ ನಿಂತಲ್ಲಿಗೆ ಬಿಟ್ಟು, ಹಲವು ಟ್ಯಾಂಕುಗಳ ಒಟ್ಟು ದೂರವನ್ನು ಒಟ್ಟು ಇಂಧನದಿಂದ ಭಾಗಿಸಬೇಕು. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ಅಂದಾಜಿಗಷ್ಟೇ ಬಳಸುವುದು ಒಳ್ಳೆಯದು. ಅದೂ ಅದೇ ಚಕ್ರದ ಸುತ್ತುಗಳನ್ನು ನಂಬಿಕೊಂಡಿರುತ್ತದೆ.

ಉತ್ತರ 2

ಮೇಲಿನ ಲೆಕ್ಕ ಸರಿಯಾಗಿದೆ. ಉಳಿದ ನಷ್ಟದ ಬಹುಪಾಲು ನಿಮ್ಮ ಛಾವಣಿಯ ಮೇಲೂ ಬಲಗಾಲಿನ ಕೆಳಗೂ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಪಿಕಪ್ ಎತ್ತರವಾದ, ಚೌಕಾಕಾರದ ವಾಹನ. ಡ್ರ್ಯಾಗ್ ಗುಣಾಂಕ (ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬ ಅಂಕಿ) 0.42, ಮುಂಭಾಗದ ವಿಸ್ತೀರ್ಣ 2.9 ಚದರ ಮೀಟರ್, ತೂಕ 2,100 ಕಿಲೋ ಎಂದು ಇಟ್ಟುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಳಿಯ ತಡೆ ಸುಮಾರು 360 ನ್ಯೂಟನ್ ಆಗುತ್ತದೆ, 100 ಕಿ.ಮೀ. ವೇಗದಲ್ಲಿ ಅದು 560 ನ್ಯೂಟನ್‌ಗೆ ಏರುತ್ತದೆ. ಟೈರುಗಳ ಉರುಳು ತಡೆ ಎರಡೂ ವೇಗಗಳಲ್ಲಿ ಹೆಚ್ಚುಕಡಿಮೆ 250 ನ್ಯೂಟನ್. ಎರಡನ್ನೂ ಕೂಡಿಸಿದರೆ 80ರಿಂದ 100ಕ್ಕೆ ಹೋದಾಗ ಪ್ರತಿ ಕಿಲೋಮೀಟರಿಗೆ ಬೇಕಾಗುವ ಶ್ರಮ ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ. ಹೆಚ್ಚು ಹೊರೆಯಲ್ಲಿ ಎಂಜಿನ್ನಿನ ದಕ್ಷತೆ ತುಸು ಉತ್ತಮಗೊಳ್ಳುವುದರಿಂದ ಇಂಧನದ ಖರ್ಚು ಅಷ್ಟೇ ಪ್ರಮಾಣದಲ್ಲಿ ಏರುವುದಿಲ್ಲ, ನಿಜ. ಆದರೂ ಹಣ ಖರ್ಚು ಮಾಡದೆ ಸಿಗುವ ಲಾಭಗಳಲ್ಲಿ ವೇಗ ತಗ್ಗಿಸುವುದಕ್ಕೆ ಸಮನಾದದ್ದು ಮತ್ತೊಂದಿಲ್ಲ.

ಕ್ಯಾರಿಯರ್ ವಿಷಯಕ್ಕೆ ಬರುತ್ತೇನೆ. ಛಾವಣಿಯ ಮೇಲೆ ದೊಡ್ಡ, ಮೊಂಡು ಆಕಾರದ ಸಾಮಾನು ಪೆಟ್ಟಿಗೆ ಇದ್ದರೆ ಹೆದ್ದಾರಿಯಲ್ಲಿ ಶೇ. 6ರಿಂದ 17ರವರೆಗೆ ಮೈಲೇಜ್ ಇಳಿಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಖಾಲಿ ಕ್ಯಾರಿಯರ್ ಅಷ್ಟು ತಿನ್ನುವುದಿಲ್ಲವಾದರೂ ದುಂಡು ಕೊಳವೆಗಳ ಅಡ್ಡಪಟ್ಟಿಗಳು ಗಾಳಿಯನ್ನು ಚೆನ್ನಾಗಿಯೇ ಕದಡುತ್ತವೆ. ವೇಗ ಹೆಚ್ಚಿದಂತೆ ಛಾವಣಿಯಿಂದ ಕೇಳುವ ಸದ್ದು ಅದರದ್ದೇ. ನಾಲ್ಕಾರು ಬೋಲ್ಟು ಬಿಚ್ಚಿ ಕೆಳಗಿಳಿಸಿ, ಅಗತ್ಯ ಬಿದ್ದಾಗ ಮತ್ತೆ ಕಟ್ಟಿಕೊಳ್ಳಿ. ಸಾಮಾನು ಒಯ್ಯಲು ಹಿಂದೆ ಅಷ್ಟು ದೊಡ್ಡ ತೊಟ್ಟಿ ಇರುವಾಗ ಅದನ್ನು ಬಿಟ್ಟು ಛಾವಣಿಗೆ ಏರಿಸುವುದು ಇಂಧನದ ದೃಷ್ಟಿಯಿಂದ ಅತ್ಯಂತ ದುಬಾರಿ ಆಯ್ಕೆ.

ಟೇಲ್‌ಗೇಟನ್ನು ಮುಚ್ಚಿಯೇ ಓಡಿಸಿ. ಅದು ಮುಚ್ಚಿದ್ದಾಗ ತೊಟ್ಟಿಯೊಳಗೆ ಗಾಳಿಯ ಒಂದು ಸುಳಿ ನೆಲೆಯಾಗುತ್ತದೆ, ಕ್ಯಾಬಿನ್ ಮೇಲಿಂದ ಬರುವ ಗಾಳಿ ಆ ಸುಳಿಯ ಮೇಲೆ ಜಾರಿಕೊಂಡು ಹಿಂದೆ ಹೋಗುತ್ತದೆ. ಗೇಟು ಇಳಿಸಿದರೆ ಆ ಸುಳಿ ಒಡೆದು, ಅನೇಕ ವಾಹನಗಳಲ್ಲಿ ತಡೆ ಇನ್ನಷ್ಟು ಹೆಚ್ಚುತ್ತದೆ. ತೊಟ್ಟಿಗೆ ಬಿಗಿಯಾದ ಚಪ್ಪಟೆ ಹೊದಿಕೆ ಹಾಕಿಸಿದರೆ ಅಲ್ಪ ಲಾಭ ಇದೆ, ಆದರೆ ಮೈಲೇಜ್‌ಗಾಗಿಯೇ ಅದನ್ನು ಕೊಳ್ಳಬೇಕೆಂದು ನಾನು ಹೇಳಲಾರೆ.

ಉತ್ತರ 3

ಹಬ್ ಬಗ್ಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಕೇಳಿದವರ ಅನುಮಾನ ಆಧಾರವಿಲ್ಲದ್ದಲ್ಲ. ಪಾರ್ಟ್‌ಟೈಮ್ ವ್ಯವಸ್ಥೆಯಲ್ಲಿ 2ಎಚ್‌ಗೆ ಹಾಕಿದಾಗ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಶಾಫ್ಟಿಗೆ ಶಕ್ತಿ ಕಳಿಸುವುದನ್ನು ನಿಲ್ಲಿಸುತ್ತದೆ, ಅಷ್ಟೇ. ಚಕ್ರಗಳ ಕಡೆ ಸಂಪರ್ಕ ಕಡಿದಿಲ್ಲವೆಂದರೆ ರಸ್ತೆಯೇ ಮುಂದಿನ ಚಕ್ರಗಳ ಮೂಲಕ ಹಾಫ್‌ಶಾಫ್ಟ್ (ಡಿಫರೆನ್ಷಿಯಲ್‌ನಿಂದ ಒಂದೊಂದು ಚಕ್ರಕ್ಕೆ ಹೋಗುವ ದಂಡ), ಡಿಫರೆನ್ಷಿಯಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲವನ್ನೂ ತಿರುಗಿಸುತ್ತಿರುತ್ತದೆ, ಮತ್ತು ದಪ್ಪ ಗೇರ್ ಆಯಿಲ್ಲನ್ನು ಕಡೆಯುವ ಶ್ರಮಕ್ಕೂ ಇಂಧನ ಸುಡುತ್ತದೆ.

ಆದರೆ ಇಂದಿನ ಅನೇಕ ಪಿಕಪ್‌ಗಳಲ್ಲಿ ಈ ಸಂಪರ್ಕ ಕಡಿಯುವ ಏರ್ಪಾಡು ಕಂಪನಿಯಿಂದಲೇ ಬಂದಿರುತ್ತದೆ. ಮುಂದಿನ ಒಂದು ಹಾಫ್‌ಶಾಫ್ಟನ್ನು ವ್ಯಾಕ್ಯೂಮ್ ಅಥವಾ ವಿದ್ಯುತ್ ಮೋಟಾರಿನಿಂದ ಬೇರ್ಪಡಿಸಲಾಗುತ್ತದೆ. ಆಗ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಗೇರುಗಳು ಮಾತ್ರ ತಿರುಗುತ್ತವೆ, ದೊಡ್ಡ ರಿಂಗ್ ಗೇರ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ನಿಂತಿರುತ್ತವೆ. ಇಂಥ ವಾಹನಕ್ಕೆ ಹಬ್ ಹಾಕಿಸಿದರೆ ಸಿಗುವುದು ತೀರಾ ಕಡಿಮೆ.

ನಿಮ್ಮದರಲ್ಲಿ ಹೇಗಿದೆ ಎಂದು ತಿಳಿಯಲು ಸರಳ ಪರೀಕ್ಷೆ ಇದೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡಗಟ್ಟೆ ಕೊಟ್ಟು, ಎಂಜಿನ್ ಆರಿಸಿ, 2ಎಚ್‌ನಲ್ಲಿಟ್ಟು, ಮುಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜ್ಯಾಕನ್ನೇ ನಂಬಿ ಕೆಳಗೆ ತೂರಬಾರದು. ಇಬ್ಬರು ಸೇರಿ ಎರಡೂ ಚಕ್ರಗಳನ್ನು ಒಟ್ಟಿಗೆ ಮುಂದಕ್ಕೆ ತಿರುಗಿಸಿ, ಪ್ರೊಪೆಲ್ಲರ್ ಶಾಫ್ಟಿನತ್ತ ನೋಡಿ. ಒಂದೇ ಚಕ್ರ ತಿರುಗಿಸಿದರೆ ಡಿಫರೆನ್ಷಿಯಲ್ಲಿನ ಗುಣದಿಂದ ಇನ್ನೊಂದು ಚಕ್ರ ಹಿಂದಕ್ಕೆ ತಿರುಗಿ ಶಾಫ್ಟು ನಿಂತಲ್ಲೇ ಇರಬಹುದು, ಪರೀಕ್ಷೆ ದಾರಿ ತಪ್ಪಿಸುತ್ತದೆ. ಎರಡೂ ಒಟ್ಟಿಗೆ ತಿರುಗಿದಾಗಲೂ ಶಾಫ್ಟು ಅಲುಗದಿದ್ದರೆ ಸಂಪರ್ಕ ಕಡಿದಿದೆ ಎಂದೇ ಅರ್ಥ. ಶಾಫ್ಟು ತಿರುಗಿದರೆ, ಬೇರ್ಪಡಿಸುವ ಏರ್ಪಾಡು ಇಲ್ಲ, ಇಲ್ಲವೇ ಇದ್ದೂ ಅಂಟಿಕೊಂಡಿದೆ. ವ್ಯಾಕ್ಯೂಮ್ ನಳಿಕೆ ಬಿರುಕು ಬಿಟ್ಟರೂ ಹೀಗಾಗುತ್ತದೆ.

ಹಬ್ ಹಾಕಿಸಿದವರು ಸುಮಾರು ತಿಂಗಳಿಗೊಮ್ಮೆ ಅದನ್ನು ಲಾಕ್ ಮಾಡಿ ಸ್ವಲ್ಪ ದೂರ ಓಡಿಸಬೇಕು, ಇಲ್ಲವಾದರೆ ಮುಂದಿನ ಗೇರುಗಳಿಗೂ ಸೀಲುಗಳಿಗೂ ಎಣ್ಣೆ ತಲುಪದೆ ಒಣಗುತ್ತವೆ. ಇನ್ನು 4ಎಚ್‌ನಲ್ಲಿ, ಅಂದರೆ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಸ್ಥಿತಿಯಲ್ಲಿ, ಒಣ ಡಾಂಬರಿನ ಮೇಲೆ ಓಡಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಬೇಕು. ಮಧ್ಯದ ಡಿಫರೆನ್ಷಿಯಲ್ ಇಲ್ಲದ ವಾಹನದಲ್ಲಿ ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಸಾಗಲು ಅವಕಾಶವೇ ಇರುವುದಿಲ್ಲ; ಟೈರು ಉಜ್ಜುತ್ತದೆ, ಟ್ರಾನ್ಸ್‌ಫರ್ ಕೇಸಿನ ಮೇಲೆ ಒತ್ತಡ ಬೀಳುತ್ತದೆ, ಇಂಧನವೂ ಪೋಲಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಚಕ್ರ ಎತ್ತಿ ನೋಡಿದೆವು, ಶಾಫ್ಟು ತಿರುಗಲಿಲ್ಲ. ಹಾಗಾಗಿ ಹಬ್ ಯೋಚನೆಯನ್ನು ಕೈಬಿಟ್ಟಿದ್ದೇನೆ, ಕ್ಯಾರಿಯರನ್ನೂ ಬಿಚ್ಚಿಟ್ಟಿದ್ದೇನೆ. ಟೈರು ಇದೇ ಇರಲಿ ಎಂದಾದರೆ ಅದರಲ್ಲಿ ಏನಾದರೂ ಸುಧಾರಿಸಲು ಸಾಧ್ಯವೇ? ಇಂಧನ ಪೈಪಿಗೆ ಅಯಸ್ಕಾಂತ ಕಟ್ಟುವುದು, ಟ್ಯಾಂಕಿಗೆ ದ್ರಾವಣ ಬೆರೆಸುವುದು ಮುಂತಾದವುಗಳನ್ನು ಕೆಲವರು ಸೂಚಿಸಿದ್ದಾರೆ. ಎಂಜಿನ್ ಕಡೆಯಿಂದ ಏನನ್ನು ನೋಡಿಸಬೇಕು?

ಉತ್ತರ 4

ಅಯಸ್ಕಾಂತಕ್ಕೆ ಹಣ ಹಾಕಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಧನ ಉಳಿಸುವುದಾಗಿ ಹೇಳಿಕೊಳ್ಳುವ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿದೆ; ಗಮನಾರ್ಹ ಉಳಿತಾಯ ತೋರಿಸಿದವು ಇಲ್ಲವೆನ್ನುವಷ್ಟು ಕಡಿಮೆ.

ಟೈರಿನಲ್ಲಿ ನಿಮ್ಮ ಕೈಯಲ್ಲಿರುವುದು ಗಾಳಿಯ ಒತ್ತಡ. ನಾಲ್ಕೂ ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಮಾನ) ಇಳಿದರೆ ಮೈಲೇಜ್ ಸುಮಾರು ಶೇ. 0.2ರಷ್ಟು ಇಳಿಯುತ್ತದೆ. ಕಚ್ಚಾ ದಾರಿಗೆಂದು 35ರಿಂದ 25ಕ್ಕೆ ಇಳಿಸಿ, ಹಾಗೆಯೇ ಡಾಂಬರಿಗೆ ಬಂದರೆ ಶೇ. 2ರಷ್ಟು ಹೋಯಿತು, ಅದಕ್ಕಿಂತ ಮುಖ್ಯವಾಗಿ ಟೈರಿನ ಪಕ್ಕದ ಗೋಡೆ ಬಿಸಿಯಾಗಿ ಹಾಳಾಗುತ್ತದೆ. ಸಣ್ಣ ಕಂಪ್ರೆಸರ್ ಜೊತೆಯಲ್ಲಿರಲಿ. ನಿಮ್ಮ ಹೊಸ ಟೈರಿನ ಗೋಡೆಯ ಮೇಲೆ ಅಳತೆಯ ಮುಂದೆ ಎಲ್‌ಟಿ (ಲೈಟ್ ಟ್ರಕ್) ಎಂಬ ಗುರುತಿದೆಯೇ ನೋಡಿ. ಇದ್ದರೆ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಮೂಲ ಟೈರಿಗೆಂದು ಬರೆದ ಒತ್ತಡ ಅದಕ್ಕೆ ಸಾಲುವುದಿಲ್ಲ. ಅಷ್ಟೇ ಭಾರ ಹೊರಲು ಎಲ್‌ಟಿ ಟೈರಿಗೆ ಹೆಚ್ಚಿನ ಒತ್ತಡ ಬೇಕು, ಎಷ್ಟೆಂಬುದನ್ನು ಟೈರು ತಯಾರಕರ ಭಾರ ಪಟ್ಟಿಯಲ್ಲಿ ನೋಡಬೇಕು. ಆಲ್‌ಟೆರೇನ್ ಟೈರುಗಳು ಮೈಲೇಜ್ ತಿನ್ನುತ್ತವೆ ಎಂದು ದೂರುವ ಅನೇಕರು ಈ ಸಂಗತಿಯನ್ನು ಗಮನಿಸಿರುವುದೇ ಇಲ್ಲ. ಟೈರು ಬದಲಾದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿರದಿದ್ದರೆ ಅದನ್ನೂ ಮಾಡಿಸಿ.

ಎಂಜಿನ್ನಿಗಿಂತ ಮುಂಚೆ ಬ್ರೇಕ್ ನೋಡಿ. ಕೆಸರಿನಲ್ಲಿ ಓಡುವ ವಾಹನಗಳಲ್ಲಿ ಬ್ರೇಕ್ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಪ್ಯಾಡು ಡಿಸ್ಕಿಗೆ ಸದಾ ತಾಗಿಕೊಂಡಿರುವುದು ಸಾಮಾನ್ಯ. ಸ್ವಲ್ಪ ದೂರ ಓಡಿಸಿ, ಜೋರಾಗಿ ಬ್ರೇಕ್ ಹಾಕದೆ ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ, ಪ್ರತಿ ಚಕ್ರದ ಬಳಿ ಅಂಗೈ ಹಿಡಿದು ನೋಡಿ, ಡಿಸ್ಕನ್ನು ಮುಟ್ಟಬೇಡಿ. ಒಂದು ಚಕ್ರ ತನ್ನ ಜೋಡಿಗಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಕಾರಣ ಅಲ್ಲಿಯೇ ಇದೆ.

ಎಂಜಿನ್ ಭಾಗದಲ್ಲಿ ನಾನು ನೋಡಿಸುವ ಕ್ರಮ ಇದು. ತಾಪಮಾನದ ಮುಳ್ಳು ಎಂದಿನ ಮಟ್ಟಕ್ಕೆ ಏರಲು ತುಂಬಾ ಹೊತ್ತು ಹಿಡಿಯುತ್ತಿದ್ದರೆ ಎಂಜಿನ್ನಿನ ತಾಪ ಕಾಯುವ ಕವಾಟವಾದ ಥರ್ಮೋಸ್ಟಾಟ್ ತೆರೆದೇ ಉಳಿದಿರಬಹುದು. ಎಂಜಿನ್ ತಣ್ಣಗಿದ್ದಷ್ಟೂ ಹೆಚ್ಚು ಡೀಸೆಲ್ ಕುಡಿಯುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ (ಒತ್ತಿದ ಗಾಳಿಯನ್ನು ತಣಿಸುವ ಭಾಗ) ಹೋಗುವ ರಬ್ಬರ್ ಪೈಪುಗಳ ಬಾಯಿಯಲ್ಲಿ ಎಣ್ಣೆಯ ಹೊಸ ಜಿಡ್ಡು ಮತ್ತು ವೇಗ ಹೆಚ್ಚಿಸುವಾಗ ಕಪ್ಪು ಹೊಗೆ ಎರಡೂ ಕಂಡರೆ ಒತ್ತಡದ ಗಾಳಿ ಸೋರುತ್ತಿದೆ ಎಂದು ಶಂಕಿಸಬೇಕು. ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ವಾಹನವಾದರೆ ಅದು ಮಸಿ ಸುಡಲು ಹೆಚ್ಚುವರಿ ಡೀಸೆಲ್ ಬಳಸುತ್ತದೆ. ಬರೀ ಚಿಕ್ಕ ಚಿಕ್ಕ ಓಡಾಟವೇ ಆದರೆ ಈ ಸುಡುವಿಕೆ ಪದೇಪದೇ ನಡೆದು, ಮಧ್ಯೆ ಎಂಜಿನ್ ಆರಿಸಿದಾಗ ಅರ್ಧಕ್ಕೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಅರ್ಧ ಗಂಟೆ ಓಡಿಸುವುದು ಇದಕ್ಕೆ ಒಳ್ಳೆಯದು.

ಚಾಲನೆಯಲ್ಲಿ ಒಂದು ಅಂಶವನ್ನು ಒತ್ತಿ ಹೇಳುತ್ತೇನೆ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಬಾರದು. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರುಗಳು ಇಂಧನವನ್ನು ಪೂರ್ತಿ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಐಡ್ಲಿಂಗ್‌ಗೆ ಬೇಕಾದಷ್ಟು ಡೀಸೆಲ್ ಸುಡುತ್ತಲೇ ಇರುತ್ತದೆ, ಮೇಲಾಗಿ ಎಂಜಿನ್ ಬ್ರೇಕಿಂಗ್ ಇಲ್ಲದೆ ಅಪಾಯವೂ ಹೌದು.

ಬಂಪರ್ ಹೆದ್ದಾರಿಯ ಸಮವೇಗದಲ್ಲಿ ನೀವು ಅಂದುಕೊಂಡಷ್ಟು ಕಾಡುವುದಿಲ್ಲ. ಸುಮಾರು 45 ಕಿಲೋ ಹೆಚ್ಚುವರಿ ತೂಕಕ್ಕೆ ಶೇ. 1ರಷ್ಟು ಇಳಿಕೆ ಎಂಬುದು ಸಾಮಾನ್ಯ ಅಂದಾಜು, ದೊಡ್ಡ ವಾಹನಕ್ಕೆ ಇನ್ನೂ ಕಡಿಮೆ. ಅದಕ್ಕೂ ಮೊದಲು ತೊಟ್ಟಿಯಲ್ಲಿ ಮತ್ತು ಸೀಟಿನ ಹಿಂದೆ ಖಾಯಂ ಆಗಿ ಕುಳಿತಿರುವ ಸರಪಳಿ, ಎರಡನೇ ಜ್ಯಾಕ್, ತುಂಬಿದ ನೀರಿನ ಕ್ಯಾನುಗಳನ್ನು ಕೆಳಗಿಳಿಸಿ ತೂಗಿ ನೋಡಿ. ಕ್ಯಾರಿಯರ್ ಇಲ್ಲದೆ, ಟೈರಿನ ಒತ್ತಡ ಸರಿಪಡಿಸಿ, ಜಿಪಿಎಸ್ ತೋರಿಸುವ 85 ಕಿ.ಮೀ. ವೇಗದಲ್ಲಿ ಕೆಲವು ಟ್ಯಾಂಕ್ ಓಡಿಸಿದ ಮೇಲೆ, ಓಡೋಮೀಟರಿನ ದೂರವನ್ನು 1.034ರಿಂದ ಗುಣಿಸಿ ಬಂದ ಮೈಲೇಜನ್ನು ಇಲ್ಲಿ ಬರೆಯಿರಿ. ಅದು 11.5 ದಾಟದಿದ್ದರೆ ಇಂಜೆಕ್ಟರುಗಳ ಪರೀಕ್ಷೆಯ ಬಗ್ಗೆ ಮುಂದೆ ಮಾತನಾಡೋಣ.