ತಾತನ ಮಿಲಿಟರಿ ದಾಖಲೆ ಹುಡುಕುತ್ತಿದ್ದೇನೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಜಿಲ್ಲೆ, ಸಿರುಗುಪ್ಪದ ಹತ್ತಿರದ ಹಳ್ಳಿ. ನಮ್ಮ ತಾತ ಎರಡನೇ ಮಹಾಯುದ್ಧದಲ್ಲಿ ಸೈನ್ಯಕ್ಕೆ ಸೇರಿ 1946ರಲ್ಲಿ ಊರಿಗೆ ವಾಪಸ್ ಬಂದರು. ಈಗ ಮನೆಯಲ್ಲಿ ಉಳಿದಿರುವುದು ಒಂದು ಬರ್ಮಾ ಸ್ಟಾರ್ ಪದಕ, ಅರ್ಧ ಡಿಸ್ಚಾರ್ಜ್ ಕಾಗದ ಅಷ್ಟೇ. ಮಾಳಿಗೆ ಸೋರಿ, ರೆಜಿಮೆಂಟ್ ಹೆಸರಿದ್ದ ಭಾಗವೇ ಹಾಳಾಗಿದೆ. ಪದಕದ ಹಿಂದೆ ಅವರ ನಂಬರ್ ಮತ್ತು ಹೆಸರು ಮಾತ್ರ ಓದಲು ಬರುತ್ತದೆ.

ಜವಾನರ ದಾಖಲೆಗಳು ಎಲ್ಲಾ ಒಂದೇ ಕಡೆ ಇರಲ್ಲ, ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಇರುತ್ತವೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು ಅಲ್ವಾ, ಹಾಗಾಗಿ ಮದ್ರಾಸ್ ರೆಜಿಮೆಂಟ್ ಇರಬಹುದು. ಹಾಗಿದ್ದರೆ ನೀಲಗಿರಿಯ ವೆಲ್ಲಿಂಗ್ಟನ್‌ಗೆ ಬರೆಯಬೇಕು. ಮದ್ರಾಸ್ ಸ್ಯಾಪರ್ಸ್ (ಸೇತುವೆ, ರಸ್ತೆ ಕಟ್ಟುವ ಸೈನ್ಯದ ಎಂಜಿನಿಯರ್ ಪಡೆ) ಆಗಿದ್ದರೆ ಬೆಂಗಳೂರು. ಕಾಡಿನಲ್ಲಿ ಸೇತುವೆ ಕಟ್ಟಿದ ಕತೆ ತಾತ ಹೇಳುತ್ತಿದ್ದರಂತೆ, ಅದಕ್ಕೇ ನನಗೆ ಸ್ಯಾಪರ್ಸ್ ಇರಬೇಕು ಅಂತ ಜಾಸ್ತಿ ಅನಿಸುತ್ತದೆ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯೂ ನೋಡಿದೆ. ಅದರಲ್ಲಿ ಯುದ್ಧದ ಕಾಲದಲ್ಲಿ ಸೇವೆಯಲ್ಲಿದ್ದಾಗ ತೀರಿಹೋದವರ ಹೆಸರು ಮಾತ್ರ ಇರುತ್ತದೆ.

ಒಂದು ಕಚೇರಿಗೆ ಅರ್ಜಿ ಕೊಟ್ಟಿದ್ದೆ. ಯೂನಿಟ್ ಹೆಸರಿಲ್ಲ ಅಂತ ವಾಪಸ್ ಕಳಿಸಿದರು. ತುಂಬಾ ಬೇಜಾರಾಯಿತು.

ನಂಬರ್ ನೋಡಿ ಯೂನಿಟ್ ಗುರುತಿಸುವವರು ಇಲ್ಲಿ ಯಾರಾದರೂ ಇದ್ದೀರಾ? ಮೊಮ್ಮಗ ಅರ್ಜಿ ಹಾಕಿದರೆ ನಡೆಯುತ್ತಾ, ಇಲ್ಲಾ ಅಪ್ಪನೇ ಸಹಿ ಮಾಡಬೇಕಾ? ಸಂಬಂಧ ತೋರಿಸಲು ನಾಡಕಚೇರಿಯ ವಂಶವೃಕ್ಷ ಸಾಕಾ? ಪದಕದ ಮೇಲಿನ ಹೆಸರಿನ ಸ್ಪೆಲ್ಲಿಂಗ್ ಬೇರೆ, ನಮ್ಮ ಪಹಣಿಯಲ್ಲಿರುವುದೇ ಬೇರೆ. ಅದಕ್ಕೇನು ಮಾಡಬೇಕು? ನಿಮ್ಮ ಮನೆಯವರಿಗಾಗಿ ಹೀಗೆ ದಾಖಲೆ ತರಿಸಿದ್ದರೆ ದಯವಿಟ್ಟು ತಿಳಿಸಿ.

ಅಪ್ಪನಿಗೆ ಈಗ 82. ತಾತ ಎಲ್ಲೆಲ್ಲಿ ಇದ್ದರು ಅಂತ ಅವರ ಮುಂದೆ ಕೂತು ಓದಿ ಹೇಳಬೇಕು ಅಂತ ಆಸೆ. ಕೇಳಿದವರಿಗೆ ಪದಕದ ಫೋಟೋ ಕಳಿಸುತ್ತೇನೆ.